ಒಪ್ಪಿಯಾಳ ಗಡಿಕಲ್ಲು

ಒಪ್ಪಿಯಾ ನನ್ನ ಪಕ್ಕದ ಹೊಲದವಳು. ಗಂಡ ಸತ್ತ ವರ್ಷವೇ ಅವಳ ಕೂಸೂ ಹೋಯಿತು. ಹಲ್ಲು ಮೂಡದ ಕೂಸನ್ನು ನಮ್ಮಲ್ಲಿ ಸುಡುವುದಿಲ್ಲ. ಮೈದುನನ ಹೊಲದಂಚಿಗೆ, ಅಂಜೂರದ ನೆರಳಲ್ಲಿ ಹೂತಳು. ಸಂಜೆಯಾದರೆ ಅಲ್ಲೇ ಕೂತು ಉಣ್ಣೆ ನೂಲುತ್ತಿದ್ದಳು.

ಅದ್ಯಾವ ಯುದ್ಧವೋ, ಗೆದ್ದ ಸಿಪಾಯಿಗಳಿಗೆ ಭೂಮಿ ಕೊಡಬೇಕಂತೆ. ತಮ್ಮಪ್ಪನ ಮನೆಯ ಗಂಟೇನೋ ಎಂಬಂತೆ ರೋಮಿನವರು ನಮ್ಮ ಹೊಳೆಬಯಲಿಗೆ ಹಗ್ಗ ಹಿಡಿಸಿ ಅಳೆಸಿದರು. ಚೀಟಿ ಎತ್ತಿದಾಗ ಮೈದುನನ ಹೊಲ ವೆಡಿಯಸ್ ಎಂಬ ಮಾಜಿ ಸಿಪಾಯಿಯ ಪಾಲಾಯಿತು. ಮೈದುನ ಗಾಡಿ ಕಟ್ಟಿಕೊಂಡು ಊರು ಬಿಟ್ಟ. ಹಳೆಯ ಗಡಿಕಲ್ಲಿನಿಂದ ಈಚೆಯದು ಮಾತ್ರ ಒಪ್ಪಿಯಾಳಿಗೆ ಉಳಿಯಿತು. ಆ ಪುಣ್ಯಾತ್ಮ ವೆಡಿಯಸ್ ಬಂದವನೇ ಅಂಜೂರ ಕಡಿದ. ಇನ್ನು ನೇಗಿಲು ಹೂಡುವುದೊಂದೇ ಬಾಕಿ.

“ನೇಗಿಲ ಬಾಯಿಗೆ ನನ್ನ ಮಗು ಸಿಗಬಾರದು ಅಣ್ಣಾ,” ಎಂದಳು. “ಕಲ್ಲನ್ನ ಅದರ ಮೇಲೆ ನೆಡ್ತೀನಿ. ಗಡಿಕಲ್ಲಿನ ಮೇಲೆ ಯಾರೂ ಉಳಲ್ಲ.”

“ತಲೆ ಕೆಟ್ಟಿದೆಯಾ ನಿಂಗೆ? ಕಲ್ಲು ಕಿತ್ತೋರಿಗೆ ಎತ್ತಿನ ಸಮೇತ ಶಾಪ ತಟ್ಟುತ್ತೆ.”

“ಎತ್ತು ಕಟ್ಟಲ್ಲ ಬಿಡು. ನಾನೇ ಎಳೀತೀನಿ. ಶಾಪ ನನ್ನೊಬ್ಬಳಿಗೇ ಇರ್ಲಿ.”

ಮಂಜು ಕವಿದ ಮುಂಜಾನೆ ಎಳೆದೇಬಿಟ್ಟಳು. ಅಂಗೈ ಸುಲಿದಿತ್ತು.

ವೆಡಿಯಸ್ ಕುರುಡನೇ? ಅಳತೆಗಾರನನ್ನು ಕರೆತಂದ, ಸಾಕ್ಷಿಗೆ ನನ್ನನ್ನೂ ಎಳೆದ. ಗಡಿಕಲ್ಲು ನೆಡುವಾಗ ಬಲಿ ಕೊಟ್ಟ ಕುರಿಮರಿಯ ಮೂಳೆಯನ್ನು ಬುಡಕ್ಕೆ ಹಾಕುವುದು ನಮ್ಮ ರೂಢಿ. ತಕರಾರು ಬಂದರೆ ಅಗೆದು ನೋಡುತ್ತಾರೆ. ಒಪ್ಪಿಯಾಳಿಗೆ ಇದು ಗೊತ್ತಿಲ್ಲದ್ದೇನಲ್ಲ. ನೇಗಿಲಿನ ಭಯದಲ್ಲಿ ಗುದ್ದಲಿ ಮರೆತುಹೋಗಿತ್ತು, ಪಾಪ.

ಅಳತೆಗಾರ ಕಲ್ಲು ಉರುಳಿಸಿ ಅಗೆದ. ಅವಳು ನನ್ನ ತೋಳು ಹಿಡಿದುಕೊಂಡಳು. ಅವನು ಸಣ್ಣದೊಂದು ಮೂಳೆ ಎತ್ತಿ ಮಣ್ಣು ಒರೆಸಿದ.

“ಏನಮ್ಮಾ, ಕುರಿಮರೀದಾ?”

ಮಗುವಿನದು ಎಂದರೆ ಕಲ್ಲು ಸುಳ್ಳಾಗುತ್ತದೆ, ಜಾಗ ವೆಡಿಯಸನದಾಗುತ್ತದೆ.

“ಹೌದು,” ಎಂದಳು. “ಕುರಿಮರೀದೇ. ನಮ್ಮನೆಯವರು ಬಲಿ ಕೊಟ್ಟಿದ್ದು.”

“ಗುರುತು ಸರಿಯಾಗಿದೆ,” ಎಂದು ಅವನು ಮೂಳೆಯನ್ನು ಗುಂಡಿಗೆ ಎಸೆದು, ಕಾಲಲ್ಲೇ ಮಣ್ಣು ಎಳೆದ. ಕಲ್ಲು ಅಲ್ಲೇ ನಿಂತಿತು. ನೇಗಿಲು ಇವತ್ತಿಗೂ ಅದನ್ನು ಬಳಸಿಕೊಂಡೇ ಹೋಗುತ್ತದೆ.

ವರ್ಷಕ್ಕೊಮ್ಮೆ ಗಡಿಹಬ್ಬ. ಎರಡೂ ಕಡೆಯವರು ಕಲ್ಲಿಗೆ ಮಾಲೆ ಹಾಕಿ, ಕುರಿಮರಿ ಕಡಿದು, ರಕ್ತ ಎರೆದು, ಅಲ್ಲೇ ಊಟಕ್ಕೆ ಕೂರಬೇಕು. ವೆಡಿಯಸ್ ಕೆಟ್ಟವನೇನಲ್ಲ ಎನ್ನುತ್ತಾರೆ ಜನ. “ತಿನ್ನಮ್ಮಾ, ಎಳೇ ಮರಿ, ಮೆತ್ತಗಿದೆ,” ಎಂದು ತಾನೇ ಅವಳ ತಟ್ಟೆಗೆ ಒಂದು ತುಂಡು ಹಾಕುತ್ತಾನೆ. ತಿನ್ನದಿದ್ದರೆ ಅನುಮಾನ ಬರುತ್ತದೆ. ಒಪ್ಪಿಯಾ ತಿನ್ನುತ್ತಾಳೆ.