ಹಂಪಮ್ಮ ಮುಚ್ಚಿಟ್ಟದ್ದು

ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತೆಯಾಗಿದ್ದ ಹಂಪಮ್ಮನಿಗೆ ನಿವೃತ್ತಿಯಾದ ಎರಡನೇ ವರ್ಷ ಕೆಮ್ಮು ಹಿಡಿಯಿತು. ಬೀಡಿ ಹೊಗೆ ಬಂದರೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದ ಹೆಂಗಸು. ಆದರೂ ಎಡ ಶ್ವಾಸಕೋಶದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಸಿಕ್ಕಿತು. ಕ್ಯಾನ್ಸರ್. ಮದುವೆಯಾಗಿರಲಿಲ್ಲ. ತೆಲುಗು ಸೀಮೆಯ ಮಲ್ಕಾಜ್‌ಗಿರಿಯ ಎರಡು ಕೋಣೆಯ ಮನೆಯಲ್ಲಿ ಜೊತೆಗಿದ್ದವಳು ತಂಗಿ ಶರಣಬಸಮ್ಮ, ಗಂಡ ತೀರಿಕೊಂಡ ಮೇಲೆ ರಾಯಚೂರಿನಿಂದ ಬಂದು ಸೇರಿಕೊಂಡವಳು.

ಮೂರು ವಾರಕ್ಕೊಮ್ಮೆ ಇಮ್ಯುನೊಥೆರಪಿ, ಗಡ್ಡೆಯ ವಿರುದ್ಧ ಮೈಶಕ್ತಿಯನ್ನೇ ಎಬ್ಬಿಸುವ ಸೂಜಿ, ಶುರುವಾಯಿತು. ಕೂದಲು ಉದುರಲಿಲ್ಲ, ವಾಂತಿಯಾಗಲಿಲ್ಲ. ಮೂರನೇ ಡೋಸಿನ ನಂತರದ ಸ್ಕ್ಯಾನಿನಲ್ಲಿ ಗಡ್ಡೆ ಅರ್ಧಕ್ಕೆ ಇಳಿದಿತ್ತು. ಅವತ್ತು ಅಕ್ಕತಂಗಿಯರು ಆಸ್ಪತ್ರೆಯಿಂದ ಬರುವಾಗ ಹಿಮಾಯತ್‌ನಗರದಲ್ಲಿ ಬಸ್ಸಿಳಿದು ಮಿರ್ಚಿ ಭಜಿ ತಿಂದು ಮನೆಗೆ ಬಂದರು.

ಎರಡು ದಿನಕ್ಕೆ ಭೇದಿ ಹಿಡಿಯಿತು. ಮೊದಲು ಭಜಿಯನ್ನು ಬೈದರು. ಆದರೆ ದಿನಕ್ಕೆ ನಾಲ್ಕು ಸಲ ಇದ್ದದ್ದು ಎಂಟಾಯಿತು. ಒಮ್ಮೆ ಹೋಗಿ ಬಂದರೆ ಮತ್ತೆ ಏಳಲು ಹಂಪಮ್ಮನ ಕಾಲಲ್ಲಿ ಕಸುವಿರುತ್ತಿರಲಿಲ್ಲ.

“ಅಕ್ಕಾ, ಡಾಕ್ಟರಿಗೆ ಹೇಳೂಣು ನಡಿ,” ಎಂದಳು ಶರಣಬಸಮ್ಮ.

“ಹೇಳಿದ್ರ ಸೂಜಿ ಬಂದ್ ಮಾಡ್ತಾರ. ಗಡ್ಡಿ ಕರಗಾಕತ್ತೈತಿ. ಹೊಟ್ಟಿದು ನಾ ತಡಕೊತೀನಿ. ನೀ ಬಾಯಿ ಬಿಚ್ಚಿದ್ರ ನನ್ನಾಣಿ.”

ಆ ಭಯಕ್ಕೆ ಕಾರಣವಿತ್ತು. ಆಸ್ಪತ್ರೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಇದೇ ಔಷಧ ಹಾಕಿಸಿಕೊಳ್ಳುತ್ತಿದ್ದ ಸನತ್‌ನಗರದ ಫಿಟ್ಟರೊಬ್ಬ ಉಸಿರು ಕಟ್ಟುತ್ತದೆ ಎಂದದ್ದಕ್ಕೆ ಅವನದನ್ನು ನಿಲ್ಲಿಸಿದ್ದರು. ಆಮೇಲೆ ಅವನು ಕಾಣಿಸಲೇ ಇಲ್ಲ.

ನಾಲ್ಕನೇ ಡೋಸಿನ ದಿನ ನರ್ಸ್ ತೆಲುಗಿನಲ್ಲಿ, “ವಿರೇಚನಾಲು ಅವುತುನ್ನಾಯಾ ಅಮ್ಮಾ?” ಎಂದು ಭೇದಿಯ ಬಗ್ಗೆ ಕೇಳಿದಳು.

“ಲೇದಮ್ಮಾ,” ಇಲ್ಲವೆಂದಳು ಹಂಪಮ್ಮ. ತಂಗಿ ನೆಲ ನೋಡುತ್ತಾ ನಿಂತಳು.

ಒಂಬತ್ತು ದಿನದ ಮೇಲೆ ಒಂದು ಬೆಳಿಗ್ಗೆ ರಕ್ತ ಹೋಯಿತು. ಬಚ್ಚಲಲ್ಲಿ ಕುಸಿದ ಅಕ್ಕನನ್ನು ಎತ್ತಿ ಆಟೊ ಹತ್ತಿಸಿದ ಶರಣಬಸಮ್ಮ, ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರ್ ಅಮಿತಾ ಕೇಳುವ ಮೊದಲೇ ಎಲ್ಲ ಹೇಳಿಬಿಟ್ಟಳು. ಅಮಿತಾ ಕೂಡ ಕನ್ನಡದ ಮನೆಯವಳು.

“ಇಷ್ಟ ದಿನ ಯಾಕ ಮುಚ್ಚಿಟ್ರಿ, ಹಂಪಮ್ಮಾರ? ಇದು ಔಷಧದ್ದ ಪರಿಣಾಮ. ಗಡ್ಡಿ ಜೋಡಿ ಹೊಡದಾಡಲಿ ಅಂತ ಎಬ್ಬಿಸಿದ ಮೈಶಕ್ತಿ ನಿಮ್ಮ ಕರುಳಿಗೂ ಬಡದೈತಿ. ಮೊದಲ ಹೇಳಿದ್ರ ಮಾತ್ರಿಯೊಳಗ ಮುಗೀತಿತ್ತೇನೋ. ಒಂದ್ ಡೋಸ್ ಮುಂದಕ್ಕ ಹಾಕಿ ನೋಡತಿದ್ವಿ.”

“ಈಗ್ರೀ?” ಎಂದಳು ಹಂಪಮ್ಮ.

“ಈಗ ಬಂದ್ ಮಾಡಬೇಕಾಗತೈತಿ. ಮತ್ತ ಕೊಟ್ರ ಜೀವಕ್ಕ ಅಪಾಯ.”

ಹಂಪಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಹನ್ನೆರಡು ದಿನ ಆಸ್ಪತ್ರೆ, ನರಕ್ಕೆ ಸ್ಟಿರಾಯ್ಡ್. ಮೊದಲ ನಾಲ್ಕು ದಿನ, ಆಣೆ ಮುರಿದ ತಂಗಿಯ ಜೊತೆ ಮಾತಿಲ್ಲ. ತಂಗಿ ಮೈ ಒರೆಸಿದಳು, ಹಾಸಿಗೆ ಬಟ್ಟೆ ಬದಲಿಸಿದಳು, ಗಂಜಿ ಕುಡಿಸಿದಳು.

ಐದನೇ ದಿನ ಹಂಪಮ್ಮ ಕೇಳಿದಳು: “ನಿನಗ ಬ್ಯಾಸರ ಆಗಂಗಿಲ್ಲೇನು?”

“ಆಗೇತಿ. ಭಾಳ ಆಗೇತಿ,” ಎಂದಳು ಶರಣಬಸಮ್ಮ, ಒದ್ದೆ ಬಟ್ಟೆ ಹಿಂಡುತ್ತಾ. “ಆದ್ರ ನೀ ಇಲ್ಲದ ಮನ್ಯಾಗ ಒಬ್ಬಾಕಿ ಕುಂತು ಏನ್ ಮಾಡ್ಲಿ?”

ಹಂಪಮ್ಮ ಸ್ವಲ್ಪ ಸರಿದು ಮಂಚದ ಅಂಚಿನಲ್ಲಿ ಅವಳಿಗೆ ಜಾಗ ಮಾಡಿಕೊಟ್ಟಳು.

ಭೇದಿ ನಿಂತಿತು. ಆದರೆ ಎರಡು ತಿಂಗಳ ಸ್ಟಿರಾಯ್ಡ್ ಮಾತ್ರೆಗೆ ಮುಖ ಊದಿತು, ತೊಡೆ ಸೊರಗಿತು. ಮೊದಲ ಮಹಡಿಯ ಮನೆಗೆ ಮೆಟ್ಟಿಲು ಹತ್ತುವಾಗ ಎರಡು ಕಡೆ ಕೂತು ಏಳಬೇಕಿತ್ತು. ಮೂರು ತಿಂಗಳ ಮೇಲೆ ಮತ್ತೆ ಸ್ಕ್ಯಾನ್. ಔಷಧವಿಲ್ಲದೆಯೂ ಗಡ್ಡೆ ಬೆಳೆದಿರಲಿಲ್ಲ.

“ಎಷ್ಟ ದಿನ ಹಿಂಗ ಇರತೈತ್ರಿ?” ಎಂದು ಕೇಳಿದಳು ಹಂಪಮ್ಮ.

“ಹೇಳಾಕ ಆಗಂಗಿಲ್ರಿ,” ಎಂದಳು ಅಮಿತಾ. “ಕೆಲವರಿಗೆ ವರ್ಷಗಟ್ಟಲೆ ಸುಮ್ನ ಇರತೈತಿ, ಕೆಲವರಿಗೆ ಇಲ್ಲ. ನೋಡ್ತಾ ಹೋಗೂಣು.”

ಹಂಪಮ್ಮ ತಲೆಯಾಡಿಸಿದಳು. ಖುಷಿಪಡಲು ಕೂಡ ಆಯಾಸ. ಮನೆ ಸೇರಿದವಳೇ ಸೀರೆ ಬದಲಿಸದೆ ಮಲಗಿ ನಿದ್ದೆಹೋದಳು. ಶರಣಬಸಮ್ಮ ಫ್ಯಾನ್ ಹಾಕಿ, ಇಬ್ಬರಿಗೂ ಅನ್ನಕ್ಕಿಟ್ಟಳು.