ಮಹಡಿ ಮೇಲಿನ ಗುರುತಿಲ್ಲದ ವೈಫೈ

ಸಾಗರದಿಂದ ಹೊರಟು ಹೊಸನಗರ, ತೀರ್ಥಹಳ್ಳಿ ಕಡೆಯ ಕಚೇರಿ, ಆಸ್ಪತ್ರೆಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಹೆಚ್ಚಿನ ದಿನ ಸಡಿಲಾದ ವೈರು ಒತ್ತಿ ಬರುವುದಷ್ಟೇ. ಆದರೆ ತೀರ್ಥಹಳ್ಳಿಯ ಸಣ್ಣ ಆಸ್ಪತ್ರೆಯೊಂದರ ಆ ಬೆಳಗ್ಗೆ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಲ್ಯಾಬಿನ ವರದಿಗಳು ಡಾಕ್ಟರ ಕಂಪ್ಯೂಟರಿಗೆ ಹೋಗುವುದು ನಿಂತಿತ್ತು. ಹಿರಿಯ ನರ್ಸ್ ಕಾಗದ ಹಿಡಿದು ಮಹಡಿ ಹತ್ತಿಳಿದು ಬೆವರಿದ್ದರು. "ಬಂದ್ರಾ! ಮೊದ್ಲು ಇದನ್ನ ನೋಡಿ ಮಾರಾಯ್ತಿ" ಅಂದರು.

ನೋಡಿದೆ. ಲ್ಯಾಬಿನ ಕಂಪ್ಯೂಟರಿಗೆ ಸಿಕ್ಕಿದ್ದ ನೆಟ್‌ವರ್ಕ್ ವಿಳಾಸ ನಮ್ಮ ಮುಖ್ಯ ರೂಟರ್ ಕೊಟ್ಟದ್ದಲ್ಲ. ಬೇರೆ ಯಾವುದೋ ಅದರ ಕೆಲಸ ಕಿತ್ತುಕೊಂಡಿತ್ತು. ಫೋನಿನಲ್ಲಿ ಸುತ್ತಲಿನ ವೈಫೈ ಹುಡುಕಿದೆ. ಎದುರಿನ ಹೋಟೆಲಿನದು, ಔಷಧಿ ಅಂಗಡಿಯದು, ನಮ್ಮದು. ಜೊತೆಗೆ ಗುರುತಿಲ್ಲದ ಇನ್ನೊಂದು, ಪಾಸ್‌ವರ್ಡೇ ಇಲ್ಲದೆ! ಯಾರೋ ನಮ್ಮ ನೆಟ್‌ವರ್ಕ್ ವೈರಿಗೆ ತಮ್ಮದೊಂದು ರೂಟರ್ ಸಿಗಿಸಿದ್ದರು. ಇಂಥದ್ದನ್ನು ಓದಿದ್ದೆ, ಕಣ್ಣಾರೆ ಕಂಡದ್ದು ಅದೇ ಮೊದಲು. ನರ್ಸಿಗೂ ಹೇಳಿದೆ.

"ಅಂದ್ರೆ ರಸ್ತೇಲಿ ನಿಂತೋರೂ ಒಳಗೆ ನುಗ್ಗಬಹುದಾ?" ನರ್ಸ್ ಕೇಳಿದರು.

"ಬಾಗಿಲು ತೆರೆದಿಟ್ಟಂಗೇ. ಬನ್ನಿ, ಹುಡುಕೋಣ."

ಫೋನಿನ ಪರದೆಯಲ್ಲಿ ಆ ವೈಫೈಯ ಬಲ ತೋರಿಸುವ ಗೆರೆ ಏರಿದರೆ ಹತ್ತಿರ, ಇಳಿದರೆ ದೂರ. ನಾನು ಮುಂದೆ, ನರ್ಸ್ ನನ್ನ ಹೆಗಲ ಮೇಲಿಂದ ಇಣುಕುತ್ತಾ ಹಿಂದೆ. ಲ್ಯಾಬಿನ ಹತ್ತಿರ ಗೆರೆ ಸ್ವಲ್ಪ ಎದ್ದಿತು. ಎಕ್ಸ್‌ರೇ ಕೋಣೆಯೊಳಗೆ ಕಾಲಿಟ್ಟದ್ದೇ ದೊಪ್ಪನೆ ಬಿತ್ತು. ಸೀಸದ ಹಾಳೆ ಹೊದಿಸಿದ ಬಾಗಿಲು, ಯಾವ ಸಿಗ್ನಲ್ಲೂ ದಾಟುವುದಿಲ್ಲ. ಹೊರಗೆ ಬಂದು ಮೆಟ್ಟಿಲು ಹತ್ತಿದರೆ ಗೆರೆ ಮತ್ತೆ ಏರತೊಡಗಿತು.

"ಏರ್ತಾ ಇದೆ, ಏರ್ತಾ ಇದೆ!" ನರ್ಸ್ ಕೂಗಿಯೇಬಿಟ್ಟರು. ಬೆಂಚಿನ ಮೇಲಿದ್ದ ರೋಗಿಗಳೆಲ್ಲ ತಿರುಗಿ ನೋಡಿದರು.

ಗೆರೆ ತುದಿ ಮುಟ್ಟಿದ್ದು ಹಿರಿಯ ಡಾಕ್ಟರ ಕೋಣೆಯಲ್ಲಿ. ಕಪಾಟಿನ ಮೇಲಿದ್ದ ಪ್ಲಾಸ್ಟಿಕ್ ಬೆನ್ನುಮೂಳೆಯ ಹಿಂದೆ ಬಿಳಿ ಪೆಟ್ಟಿಗೆಯೊಂದು ಹಸಿರು ದೀಪ ಮಿಟುಕಿಸುತ್ತಿತ್ತು.

"ಅದು ನಮ್ಮನೇದು" ಅಂದರು ಡಾಕ್ಟರು. "ಇಲ್ಲಿ ವೈಫೈ ಬರೋದೇ ಇಲ್ಲ. ಶಿವಮೊಗ್ಗಕ್ಕೆ ಎಕ್ಸ್‌ರೇ ಕಳ್ಸಿ ಅಭಿಪ್ರಾಯ ಕೇಳ್ಬೇಕು, ಅದಕ್ಕೇ ನಿನ್ನೆ ತಂದಿಟ್ಟೆ. ಎಂತ ಆಯ್ತು?"

ಹೇಳಿದೆ. ಹೊಟ್ಟೆ ಹಿಡಿದು ನಕ್ಕರು. "ಕಾಯಿಲೆ ನನ್ನ ಕೋಣೇಲೇ ಇತ್ತು ಅನ್ನಿ!"

ವೈರು ಕಿತ್ತು, ಕೆಳಗೆ ಓಡಿ, ಲ್ಯಾಬಿನ ಕಂಪ್ಯೂಟರನ್ನು ಮತ್ತೆ ಶುರು ಮಾಡಿದೆ. ಮೇಲಿಂದ ನರ್ಸ್ ದನಿ ಕೇಳಿತು: "ಬಂತು, ವರದಿ ಬಂತು!" ಅವರು ಮೇಲೆ, ನಾನು ಕೆಳಗೆ, ಇಬ್ಬರೂ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದೆವು.

ಸುಮ್ಮನೆ ಕಿತ್ತುಹಾಕಿದರೆ ನಾಳೆ ಇನ್ನೊಬ್ಬರು ಇನ್ನೊಂದು ತರುತ್ತಾರೆ, ಯಾಕೆಂದರೆ ಡಾಕ್ಟರ ತೊಂದರೆ ನಿಜವೇ. ಅದೇ ವಾರ ಮಹಡಿಗೆ ಪಾಸ್‌ವರ್ಡ್ ಇರುವ ಸರಿಯಾದ ವೈಫೈ ಹಾಕಿಸಿದೆ. ಬಳಸದೆ ಖಾಲಿ ಬಿದ್ದಿದ್ದ ವೈರುಗಳ ಸಂಪರ್ಕ ಕಡಿದೆ. ಗುರುತಿಲ್ಲದ ಪೆಟ್ಟಿಗೆ ಸಿಗಿಸಿದರೆ ನನ್ನ ಫೋನಿಗೆ ಸುದ್ದಿ ಬರುವಂತೆಯೂ ಮಾಡಿದೆ.

ಕೆಲಸ ಮುಗಿದ ದಿನ ಡಾಕ್ಟರು ನನ್ನ ಫೋನು ಇಸಿದುಕೊಂಡು, ಗೆರೆ ಹೇಗೆ ಏರುತ್ತದೆಂದು ನೋಡುತ್ತಾ ಮಹಡಿ ತುಂಬ ಓಡಾಡಿದರು. ಕಡೆಗೆ ನರ್ಸೇ ಗದರಿ ರೋಗಿಗಳ ಬಳಿಗೆ ಕರೆದೊಯ್ದರು.