ಹುಚ್ಚಮ್ಮ ತಿಕ್ಕದೆ ಬಿಟ್ಟ ಅರ್ಧ ತಗಡು

ನಮ್ಮೂರಿಗೆ ನೀರು ಬಿಡುವ ನೀರುಗಂಟಿ ಹುಚ್ಚಮ್ಮನಿಗೆ ಕೊಳೆ ಕಂಡರೆ ಮೈಯೆಲ್ಲ ಉರಿಯುತ್ತದೆ. ಹಾರಂಗಿ ನಾಲೆಯ ಪಕ್ಕದ ನಮ್ಮ ಬೀದಿಯಲ್ಲಿ ಅವಳ ಮನೆಯ ಪಾತ್ರೆಗಳ ತಳ ಕೂಡ ಮಿಂಚುತ್ತದೆ. ಹಾಸನದ ಕಡೆಯಿಂದ ಬಂದ ಅವಳ ಅತ್ತೆಗೆ ಸೊಸೆಯ ಮೇಲಿದ್ದ ದೂರು ಒಂದೇ: "ತಿಕ್ಕಿ ತಿಕ್ಕಿ ತಪ್ಪಲೆನೇ ತೂತು ಮಾಡ್ತಾಳೆ."

ಮೊದಲು ಊರ ಟ್ಯಾಂಕಿಗೆ ಬ್ಲೀಚಿಂಗ್ ಪುಡಿಯನ್ನು ಅವಳೇ ಕಲಸಿ ಹಾಕಬೇಕಿತ್ತು. ಕೈ ಬಿರಿಯುತ್ತಿತ್ತು, ಕೆಮ್ಮು ಬಿಡುತ್ತಿರಲಿಲ್ಲ. ಹೋದ ವರ್ಷ ಪಂಚಾಯಿತಿಯವರು ನೋಡೋಣವೆಂದು ಪಂಪ್‌ಹೌಸಿನಲ್ಲಿ ಒಂದು ಮಿಷನ್ ತಂದಿಟ್ಟರು. ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು, ಅದರೊಳಗೆ ಎದುರುಬದುರು ಒಂದು ಬೂದು ತಗಡು, ಒಂದು ಕಪ್ಪು ತಗಡು. ಕರೆಂಟು ಹರಿದರೆ ಕಪ್ಪು ತಗಡಿನ ಮೈಮೇಲೆ ಉಪ್ಪಿನಿಂದ ಕ್ಲೋರಿನ್ ಹುಟ್ಟುತ್ತದೆ, ಆ ನೀರನ್ನೇ ಟ್ಯಾಂಕಿಗೆ ಬಿಟ್ಟರಾಯಿತು. ಹುಚ್ಚಮ್ಮನ ಕೈ ವಾಸಿಯಾಯಿತು. ಅವಳಿಗೆ ಆ ಮಿಷನ್ ಮೇಲೆ ಎಲ್ಲಿಲ್ಲದ ಅಕ್ಕರೆ.

ಅಕ್ಕರೆ ಅತಿಯಾಯಿತು. ಆಯುಧಪೂಜೆಯ ಬೆಳಿಗ್ಗೆ ಸ್ಪ್ಯಾನರು, ಮಚ್ಚು, ಸೈಕಲ್ಲು ಎಲ್ಲ ಬೆಳಗಿದವಳ ಕಣ್ಣಿಗೆ ಆ ಕಪ್ಪು ತಗಡು ಬಿತ್ತು. ಹೊರಗೆ ತೆಗೆದು ಸ್ಯಾಂಡ್‌ಪೇಪರ್ ಹಾಕಿ ತಿಕ್ಕಿದಳು. ಬಲಗಡೆಯ ಅರ್ಧ ಫಳಫಳ ಅನ್ನುವಷ್ಟರಲ್ಲಿ ಮಂಗಳಾರತಿಗೆ ಕೂಗಿದರು. ಎಡಗಡೆ ಹಾಗೇ ಉಳಿಯಿತು; ತಗಡನ್ನು ತೊಟ್ಟಿಗೆ ಮತ್ತೆ ಸಿಕ್ಕಿಸಿ ಓಡಿದಳು.

ಮರುದಿನದಿಂದ ನೀರಿನಲ್ಲಿ ಕ್ಲೋರಿನ್ ಸಾಲದೆ ಬಂತು. ಪಂಚಾಯಿತಿ ಮೆಂಬರ್ ರೇವಣ್ಣ, "ಡಬ್ಬಾ ಮಾಲು. ವಾಪಸ್ ಕಳ್ಸಿ, ಹಳೇ ಪುಡಿನೇ ಸಾಕು" ಎಂದುಬಿಟ್ಟರು.

ಆಮೇಲೆ ಹುಚ್ಚಮ್ಮ ಮಾಡಿದ್ದು ನನಗೆ ಬಹಳ ಇಷ್ಟ. ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಸುಮ್ಮನೆ ನೋಡಿದಳು. ತಗಡಿನ ಕಪ್ಪು ಭಾಗದಿಂದ ಗುಳ್ಳೆಗಳು ಸಾಲುಸಾಲಾಗಿ ಏಳುತ್ತಿದ್ದವು. ತಾನು ಬೆಳಗಿದ ಭಾಗದಲ್ಲಿ ಹೆಸರಿಗೆ ಒಂದೆರಡು. ಇದೇಕೆ ಹೀಗೆ ಎಂದು ತಲೆ ಕೆರೆದುಕೊಂಡು, ಮಿಷನ್ ಕೂರಿಸಿದ್ದ ಮೆಕ್ಯಾನಿಕ್ ಮಂಜೇಶನಿಗೆ ಫೋನ್ ಮಾಡಿದಳು.

ಮಂಜೇಶ ಬಂದು ಅವಳ ಕೈಗೆ ಭೂತಗನ್ನಡಿ ಕೊಟ್ಟ. ಬೆಳಗಿದ ಕಡೆ ಬರೀ ನುಣುಪು. ಕಪ್ಪು ಕಡೆ ನೀರು ಬತ್ತಿದ ಕೆರೆಯಂತೆ ಬಿರುಕೋ ಬಿರುಕು.

"ಹುಚ್ಚಮ್ಮಕ್ಕ, ಕೆಲ್ಸ ಮಾಡೋದೇ ಆ ಕರೀ ಲೇಪ. ಬಿರುಕು, ಉಬ್ಬುತಗ್ಗು ಇದ್ದಷ್ಟೂ ಉಪ್ಪುನೀರು ತಾಗೋ ಜಾಗ ಜಾಸ್ತಿ, ಕೆಲ್ಸನೂ ಬೇಗ. ಲೇಪ ಹೋದ್ರೆ ಬರೀ ತಗಡಿನ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟಿ ಕರೆಂಟನ್ನೇ ತಡೀತದೆ."

"ಹಂಗಾರೆ ನಾನು ತೆಗ್ದಿದ್ದು ಕೊಳೆ ಅಲ್ವಾ?"

ಮಂಜೇಶ ನಕ್ಕ. ಅವಳಿಗೆ ನಗು ಬರಲಿಲ್ಲ. ಎಷ್ಟೋ ಹೊತ್ತು ಭೂತಗನ್ನಡಿಯನ್ನೇ ಬಿಡದೆ, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೋಡುತ್ತಿದ್ದಳು.

ಮಿಷನ್ ಹೊರಡಬೇಕಾದ ದಿನ ರೇವಣ್ಣನವರನ್ನು ಕರೆತಂದು ತೊಟ್ಟಿಯ ಮುಂದೆ ಕೂರಿಸಿ ಸ್ವಿಚ್ ಹಾಕಿದಳು. "ನೋಡಿ ರೇವಣ್ಣೋರೆ. ನಾನು ತಿಕ್ಕಿದ ಕಡೆ ಕೆಲ್ಸ ನಿಂತದೆ, ಬಿಟ್ಟ ಕಡೆ ನಡೀತದೆ. ಮಿಷನ್ ಮೇಲೆ ತಪ್ಪು ಹೊರಿಸ್ಬ್ಯಾಡಿ." ರೇವಣ್ಣ ಬಗ್ಗಿ ಬಗ್ಗಿ ನೋಡಿದರು. ಹೊಸ ತಗಡು ತರಿಸಿದರು, ಮಿಷನ್ ಉಳಿಯಿತು.

ಈ ಸಲದ ಆಯುಧಪೂಜೆಗೆ ನಾನೂ ಪಂಪ್‌ಹೌಸಿಗೆ ಹೋಗಿದ್ದೆ. ಎಲ್ಲ ಸಾಮಾನೂ ಫಳಫಳ. ಮಿಷನ್ನಿಗೆ ಹೊರಗಿನಿಂದಲೇ ವಿಭೂತಿ, ಕುಂಕುಮ, ಚೆಂಡುಹೂವು. ಪಕ್ಕದಲ್ಲಿ ಹುಚ್ಚಮ್ಮ ಎರಡೂ ಕೈಯನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡು ಕೂತಿದ್ದಳು.

"ಯಾಕೆ ಹುಚ್ಚಮ್ಮ, ಚಳಿಯಾ?" ಎಂದೆ.

"ಚಳಿ ಅಲ್ಲ ಕಣಮ್ಮ. ಆ ಕಪ್ಪು ಕಂಡ್ರೆ ಈ ಕೈ ಈಗ್ಲೂ ಸುಮ್ಕಿರಕಿಲ್ಲ" ಎಂದಳು.